ಗುಡಸಲದಾಗ ಯಾರದಾರ?

ಗಂಡನ ಊರಿಗೆ ಬಂದು ಹದಿನೇಳು ವರ್ಷವಾಗಿತ್ತು. ಅಷ್ಟೂ ವರ್ಷ ಉದ್ದವ್ವ ‘ಮನಿ’ ಎಂಬ ಪದವನ್ನು ಬಾಯಿಂದ ಹೊರಡಿಸಿರಲಿಲ್ಲ.

ಹಾಗೆಂದು ಅವಳಿಗೆ ಮನೆ ಇರಲಿಲ್ಲವೆಂದಲ್ಲ. ಇತ್ತು. ಎರಡಂಕಣದ್ದು. ಮೊಳ ದಪ್ಪದ ಮಣ್ಣಿನ ಗೋಡೆ, ಅದರ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಮಣ್ಣಿನ ಮೇಲುಮುದ್ದೆ. ಕೆಳಗೇರಿಯ ಇಪ್ಪತ್ತಮೂರು ಕುಟುಂಬಗಳಲ್ಲಿ ಹನ್ನೊಂದಕ್ಕೆ ಅಂಥ ಮನೆಗಳಿದ್ದವು. ಆದರೆ ಮೇಲಿನ ಓಣಿಯ ಯಾರ ಮುಂದೆಯೂ ಅದನ್ನು ಮನೆ ಎನ್ನುವಂತಿರಲಿಲ್ಲ. ‘ಗುಡಸಲ’ ಎನ್ನಬೇಕು. ಮನೆ ಇರುವುದು ಮೇಲಿನವರಿಗೆ.

ಮದುವೆಯಾಗಿ ಬಂದ ಮೂರನೆಯ ದಿನ ಅತ್ತೆ ಕಾಡವ್ವ ಅವಳನ್ನು ಒಲೆಯ ಮುಂದೆ ಕೂರಿಸಿಕೊಂಡು ಹೇಳಿಕೊಟ್ಟಿದ್ದು ಅಡಿಗೆಯನ್ನಲ್ಲ, ಇದನ್ನು.

“ಹುಕ್ಕೇರಿ ಕಡೆ ಹೆಂಗ ಮಾತಾಡ್ತಿದ್ದಿಯೋ ಏನೋ. ತವರಿನ ಬಾಯಿ ತವರಾಗ ಬಿಡು. ಇಲ್ಲಿ ನಮ್ಮದು ಗುಡಸಲ. ನಮ್ಮ ನಮ್ಮೊಳಗೂ ಗುಡಸಲ ಅಂತನ ಅನ್ನು. ರೂಢಿ ತಪ್ಪಿದ್ರ ಹೊರಗೂ ಬಾಯಿ ತಪ್ಪತೈತಿ.”

ಕಾಡವ್ವನ ಗಂಡನ ಬಾಯಿ ಒಮ್ಮೆ ತಪ್ಪಿತ್ತು. ಈಗಿನ ಗೌಡ ಬಾಬಾಸಾಹೇಬರ ಅಪ್ಪನ ಕಾಲದಲ್ಲಿ. ಕರೆದಾಗ ಬರಲಿಲ್ಲವೆಂದು ದೊಡ್ಡ ಗೌಡರು, “ಎಲ್ಲಿ ಸತ್ತಿದ್ದೆಲೇ?” ಎಂದು ಕೇಳಿದ್ದರು. “ಮನ್ಯಾಗ ಇದ್ನಿರಿ, ಧಣೇರ” ಎಂದುಬಿಟ್ಟಿದ್ದ. ದೊಡ್ಡ ಗೌಡರು ಬೈಯಲಿಲ್ಲ, ಹೊಡೆಯಲಿಲ್ಲ. “ನಿನಗ ಮನಿ ಐತೇನು? ನಡಿ, ನೋಡೂಣು” ಎಂದರು. ಆಳುಗಳು ಬಂದು ಮೇಲುಮುದ್ದೆ ಕೆಡವಿ ತೊಲೆ ಬಿಚ್ಚಿದರು. ಆ ತೊಲೆಯನ್ನು ಅವನೊಬ್ಬನ ಹೆಗಲ ಮೇಲೆಯೇ ಇಟ್ಟು ಗೌಡರ ದೊಡ್ಡ ಮನೆಯಾದ ವಾಡೆಯವರೆಗೆ ಹೊರಿಸಿದರು. ನಾಲ್ಕು ಜನ ಹೊರುವ ತೊಲೆ. ಅವನು ಹೊತ್ತ. ಇಳಿಸಿದ ಮೇಲೆ ನೆಟ್ಟಗೆ ನಿಲ್ಲಲಿಲ್ಲ. ಒಂದು ತಿಂಗಳು ಬೋರಲು ಮಲಗಿದ್ದು ಸತ್ತ. ತೊಲೆ ಗೌಡರ ದನದ ಕೊಟ್ಟಿಗೆಗೆ ಏರಿತು.

ಉದ್ದವ್ವ ಅದನ್ನು ಎಷ್ಟೋ ಸಲ ನೋಡಿದ್ದಳು. ಆ ಕೊಟ್ಟಿಗೆಯ ಗೋಡೆಗೆ ಮಣ್ಣು ತುಳಿದವಳೇ ಅವಳು.

ಮಣ್ಣು ತುಳಿಯುವುದು ಅವಳ ಕೆಲಸ. ಊರಲ್ಲಿ ಯಾರ ಗೋಡೆ ಏಳಬೇಕಾದರೂ ಉದ್ದವ್ವನ ಕಾಲು ಬೇಕು. ಮಣ್ಣಿಗೆ ಹೊಟ್ಟು, ಬೂದಿ, ನೀರು ಹಾಕಿ ಹೊತ್ತು ಮೂಡುವಾಗ ಇಳಿದರೆ ಹೊತ್ತು ಮುಳುಗುವಾಗ ಏರುವುದು. ಮಣ್ಣು ಬೆಣ್ಣೆಯಾಗುವವರೆಗೆ ತುಳಿಯಬೇಕು. ಹರಳು ಹಿಮ್ಮಡಿಗೆ ನಾಟುತ್ತವೆ. ಬೆರಳ ಸಂದಿಗಳು ಸೀಳುತ್ತವೆ. ಸೀಳಿಗೆ ಔಡಲೆಣ್ಣೆ ತುಂಬಿಕೊಂಡು ಮರುದಿನ ಮತ್ತೆ ಇಳಿಯಬೇಕು. ಗೋಡೆ ಹಸಿ ಇರುವವರೆಗೆ ಅವಳು ಮುಟ್ಟಬಹುದು. ಒಣಗಿದ ಮೇಲೆ ಮುಟ್ಟುವಂತಿಲ್ಲ. ಗಂಜಲ ಚಿಮುಕಿಸಿ ಅವರು ಒಳಗೆ ಹೋಗುತ್ತಾರೆ. ಹಸಿ ಇದ್ದಾಗ ಅದು ಉದ್ದವ್ವನ ಕಾಲಿನದು. ಒಣಗಿದ ಮೇಲೆ ಅವರ ಮನೆ.

ತನ್ನ ಮನೆಯನ್ನು ಅವಳೂ ಗಂಡನೂ ಏಳು ವರ್ಷ ಕಟ್ಟಿದರು. ಬೇಸಿಗೆಗೆ ಒಂದು ಗೋಡೆ. ಮೂಡಲಗಿಯಲ್ಲಿ ಧರಣೇಂದ್ರಪ್ಪ ಎಂಬ ಜೈನ ವ್ಯಾಪಾರಿ ಹಳೆಯ ಅಂಗಡಿ ಬಿಚ್ಚಿ ಹೊಸದು ಕಟ್ಟಿಸಿದ. ಎರಡು ಬೇಸಿಗೆ ಅವನಲ್ಲಿ ಮಣ್ಣು ತುಳಿದರು. ಕೂಲಿ ಬೇಡ, ಹಳೆಯ ತೊಲೆ ಕೊಡಿ ಎಂದರು. ಅವನು ಕೊಟ್ಟ. ಅದನ್ನು ಹೊತ್ತು ತರಲು ಗಂಡ ಹೆಂಡತಿಗೆ ಎರಡು ಹಗಲು ಹಿಡಿಯಿತು. ತೊಲೆಯ ನಡುವೆ ತಕ್ಕಡಿ ತೂಗುಹಾಕುವ ಕಬ್ಬಿಣದ ಕೊಂಡಿ ಹಾಗೇ ಇತ್ತು. ಉದ್ದವ್ವ ಅದಕ್ಕೆ ರೊಟ್ಟಿಯ ಬುಟ್ಟಿ ತೂಗುಹಾಕಿದಳು. ಮರುವರ್ಷ ಗಂಡ ಜ್ವರದಲ್ಲಿ ಹೋದ.

ಹದಿನೇಳನೆಯ ವರ್ಷದ ಶ್ರಾವಣದಲ್ಲಿ ಹೊಳೆ ಬಂತು. ನಡುಹಗಲಿನಲ್ಲಿ ಬಂತು. ಘಟಪ್ರಭೆಯ ನೀರು ಮೊದಲು ಕೆಳಗೇರಿಗೆ, ಕಡೆಗೆ ಮೇಲಿನ ಓಣಿಯ ಅಂಚಿಗೆ. ಉದ್ದವ್ವ ಅತ್ತೆಯನ್ನು ಬೆನ್ನ ಮೇಲೆ ಹೊತ್ತು ದಿಬ್ಬಕ್ಕೆ ಏರಿದಳು. ಅಲ್ಲಿಂದ ತನ್ನ ಮನೆಯನ್ನು ನೋಡಿದಳು. ಮಣ್ಣಿನ ಗೋಡೆ ನೀರಿಗೆ ಬೀಳುವುದಿಲ್ಲ, ಕುಳಿತುಕೊಳ್ಳುತ್ತದೆ. ಮೊದಲು ಮೊಣಕಾಲು ಮಡಚಿದ ಹಾಗೆ ಬಾಗಿಲ ಕಡೆಯದು ಕುಳಿತಿತು. ಆಮೇಲೆ ತೊಲೆ ನಡುವಿಗೆ ಮುರಿಯಿತು. ಆ ಸದ್ದು ದಿಬ್ಬದವರೆಗೆ ಕೇಳಿತು.

ನೀರು ಇಳಿದ ನಾಲ್ಕನೆಯ ದಿನ, ಬಿದ್ದದ್ದನ್ನು ಬರೆದುಕೊಳ್ಳಲು ಕುಲಕರ್ಣಿ ಬಂದ. ಕೇರಿಗೆ ಇಳಿಯಲಿಲ್ಲ. ದಿಬ್ಬದ ಮೇಲೆ ಕೊಡೆ ಹಿಡಿದು ನಿಂತ. ತಳವಾರ ಒಬ್ಬೊಬ್ಬರ ಹೆಸರು ಕೂಗಿದ.

“ಉದ್ದವ್ವಾ, ನಿಂದೇನ ಬಿದ್ದೈತಿ?” ಎಂದ ಕುಲಕರ್ಣಿ ಮೇಲಿನಿಂದಲೇ.

“ಗುಡಸಲ ಬಿದ್ದೈತ್ರಿ, ಧಣೇರ.”

ಕುಲಕರ್ಣಿ ಬರೆದುಕೊಂಡ. ಇಪ್ಪತ್ತಮೂರು ಮಂದಿಯೂ ಅದನ್ನೇ ಹೇಳಿದರು. ಇಪ್ಪತ್ತಮೂರನ್ನೂ ಬರೆದುಕೊಂಡ. ಬರೆಯುವಾಗ ಸಣ್ಣಗೆ ನಗುತ್ತಿದ್ದ. ಆ ನಗೆ ಉದ್ದವ್ವನಿಗೆ ಕಂಡಿತು. ಯಾಕೆಂದು ಮಾತ್ರ ತಿಳಿಯಲಿಲ್ಲ.

ತಿಳಿಸಿದವಳು ಸಾಯಿರಾಬಿ. ಪಿಂಜಾರರ ಹೆಂಗಸು. ಕೇರಿಗೂ ಮೇಲಿನ ಓಣಿಗೂ ನಡುವೆ ಅವಳ ಮನೆ. ಅವಳದೂ ಒಂದು ಗೋಡೆ ಕುಳಿತಿತ್ತು. ಮರುದಿನ ಹೊಳೆಯಲ್ಲಿ ಅರಿವೆ ಒಗೆಯುವಾಗ ಕೇಳಿದಳು.

“ಏ ಉದ್ದವ್ವಾ, ನೀವೆಲ್ಲಾ ಏನ ಬರಸೀರಿ?”

“ಗುಡಸಲ.”

ಸಾಯಿರಾಬಿಯ ಕೈಯ ಅರಿವೆ ನಿಂತಿತು.

“ಅಯ್ಯ ನನ್ನ ತಾಯಿ. ಗೋಕಾಕದಿಂದ ಸರಕಾರದ ಮದತ ಬಂದೈತಿ. ಮನಿ ಬಿದ್ದವರಿಗೆ ಒಂದ ತೊಲಿ, ಎರಡ ಕಂಬ, ಹನ್ನೆರಡ ಜಂತಿ. ಗುಡಸಲ ಬಿದ್ದವರಿಗೆ ನಾಕ ಸಿವುಡು ಹುಲ್ಲು. ನಾ ಮನಿ ಅಂದ್ನಿ, ಮನಿ ಅಂತ ಬರಕೊಂಡ್ರು.”

ಬ್ರಿಟಿಷರ ಲಡಾಯಿ ನಡೆದಿದ್ದ ಕಾಲ. ಮಾರ್ಕೀಟಿನಲ್ಲಿ ಸೀಮೆಎಣ್ಣೆಯೇ ಸಿಗುತ್ತಿರಲಿಲ್ಲ, ತೊಲೆ ಎಲ್ಲಿಂದ ಸಿಗಬೇಕು? ಕಟ್ಟಿಗೆಯೆಲ್ಲ ಫೌಜಿಗೆ ಹೋಗುತ್ತಿತ್ತು. ಸರಕಾರ ಕೊಟ್ಟರೆ ತೊಲೆ, ಇಲ್ಲದಿದ್ದರೆ ಇಲ್ಲ.

“ಇನ್ನೊಂದ ಕೇಳು,” ಎಂದಳು ಸಾಯಿರಾಬಿ, ಸುತ್ತ ನೋಡಿ ದನಿ ತಗ್ಗಿಸಿ. “ಗೌಡರ ದನದ ಕೊಟ್ಟಿಗಿ ಇತ್ತಲ್ಲ, ಬಿದ್ದದ್ದು? ಅದು ಯಾದಿಯೊಳಗ ಮೂರು ಮನಿ ಆಗೇತಿ. ಮೂರು ಹೆಸರಿಲೆ. ಎತ್ತಿಗೆ ಮನಿ, ನಿಮಗ ಹುಲ್ಲು. ಬದಲಾಬದಲಿ ಆಗೇತಿ ನೋಡು.” ಅವಳು ನಕ್ಕಳು. ಉದ್ದವ್ವ ನಗಲಿಲ್ಲ. “ಸೋಮವಾರ ತಾಲೂಕಿನ ಮಾಮಲೇದಾರ ಸಾಹೇಬ್ರು ಚಾವಡಿಗೆ ಬರತಾರ. ಯಾದಿ ಓದತಾರ. ತಕರಾರ ಇದ್ದವರು ಅಲ್ಲೇ ಹೇಳಬೇಕಂತ. ಹೋಗಿ ಹೇಳು.”

“ಏನಂತ?”

“ನಂದು ಮನಿ ಅಂತ.”

ಉದ್ದವ್ವ ಬಾಯಿ ತೆರೆದಳು. ಅಲ್ಲಿ ಸಾಯಿರಾಬಿ ಬಿಟ್ಟರೆ ಯಾರೂ ಇರಲಿಲ್ಲ. ‘ಮ’ ಬಂತು. ಮುಂದಿನದು ಬರಲಿಲ್ಲ. ಅವಳು ಹಿಂತಿರುಗಿ ದಿಬ್ಬ ನೋಡಿದಳು. ಅಲ್ಲೂ ಯಾರೂ ಇಲ್ಲ. ಅರಿವೆ ಹಿಂಡಿಕೊಂಡು ಎದ್ದಳು.

ಕಾಡವ್ವನಿಗೆ ಹೇಳಿದಾಗ ಮುದುಕಿ ಮಣ್ಣಿನ ಗುಡ್ಡೆಯ ಮೇಲೆ ಕುಳಿತಿದ್ದವಳು ಎದ್ದುಬಿಟ್ಟಳು.

“ಹೋಗಬ್ಯಾಡ. ಹುಲ್ಲು ಕೊಡ್ತಾರಲ್ಲ, ತಗೋ. ಹುಲ್ಲಿನ ಕೆಳಗ ಇರೂಣು. ನನ್ನ ಗಂಡ ತೊಲಿ ಹೊತ್ತದ್ದ ಸಾಕು.”

“ಅತ್ತಿ, ಮಳಿ ಇನ್ನೂ ಎರಡ ತಿಂಗಳೈತಿ. ನಿಮ್ಮ ಕೆಮ್ಮಿಗೆ ಹುಲ್ಲು ತಡೀತೈತೇನು?”

“ನಾ ಕೆಮ್ಮಿ ಸಾಯ್ತೀನಿ. ಅದು ದೇವರು ಕೊಟ್ಟ ಸಾವು. ಗೌಡ ಕೊಟ್ಟದ್ದಲ್ಲ.”

ಉದ್ದವ್ವ ಅವತ್ತು ಉಣ್ಣಲಿಲ್ಲ. ಹೇಳಿದರೆ ಏನು ಮಾಡುತ್ತಾರೆ ಎಂದು ಒಂದೊಂದೇ ಎಣಿಸಿದಳು. ಕೂಲಿ ನಿಲ್ಲಿಸುತ್ತಾರೆ. ಬಾವಿ ನಿಲ್ಲಿಸುತ್ತಾರೆ. ಹೊರಿಸುತ್ತಾರೆ. ಹೇಳದಿದ್ದರೆ? ಕಾಡವ್ವನ ಎದೆಯೊಳಗಿನ ಗೊರಗೊರ ಸದ್ದು ಪಕ್ಕದಲ್ಲೇ ಕೇಳುತ್ತಿತ್ತು.

ಸೋಮವಾರ ಅವಳು ಚಾವಡಿಗೆ ಹೋದಳು. ಹೋಗಬೇಕೆಂದು ನಿರ್ಧರಿಸಿ ಹೋದದ್ದಲ್ಲ. ಇಡೀ ಕೇರಿಯೇ ಹುಲ್ಲಿಗೆ ಹೊರಟಿತ್ತು, ಅವಳೂ ಹೋದಳು. ಕೇರಿಯವರು ಕಟ್ಟೆಯ ಕೆಳಗೆ ಕೆಸರಿನಲ್ಲಿ ನಿಂತರು. ಕಟ್ಟೆಯ ಮೇಲೆ ಜಮಖಾನೆ. ನಡುವೆ ಮಾಮಲೇದಾರರು, ಕನ್ನಡಕದ ನಡುವಯಸ್ಸಿನವರು. ಬಲಕ್ಕೆ ಬಾಬಾಸಾಹೇಬ ಗೌಡರು, ಎಡಕ್ಕೆ ದಪ್ತರ ಬಿಚ್ಚಿಕೊಂಡ ಕುಲಕರ್ಣಿ.

ಮಾಮಲೇದಾರರು ಮೊದಲು ಬುದ್ಧಿ ಹೇಳಿದರು.

“ಸರಕಾರ ಅಪ್ಪ ಅವ್ವ ಅಲ್ಲ. ಎಲ್ಲಾರಿಗೂ ಎಲ್ಲಾ ಕೊಡಾಕ ಆಗೂದಿಲ್ಲ. ದುಡದದ್ದರಾಗ ಉಳಿಸಿ, ಹೊಟ್ಟಿ ಕಟ್ಟಿ ಮನಿ ಮಾಡಕೊಂಡವರು ಇರತಾರ. ಅಂಥವರ ಮನಿ ಬಿದ್ರ ಕೈ ಹಿಡೀಬೇಕು. ಅದಕ್ಕ ತೊಲಿ. ಗಳಿಸಿದ್ದನ್ನ ಉಂಡು ಕುಡದು ಗುಡಸಲದಾಗ ಬಿದ್ದವರಿಗೆ ತೊಲಿ ಕೊಟ್ರ ಏನಾದೀತು? ನಾಳಿ ಮಾರಿ ಕುಡೀತಾರ. ಹಾಸಿಗಿ ಇದ್ದಷ್ಟ ಕಾಲ ಚಾಚಬೇಕು. ಇದು ಎಲ್ಲಾರಿಗೂ ಪಾಠ.”

ಗೌಡರು ತಲೆಯಾಡಿಸಿದರು. ಉದ್ದವ್ವ ತನ್ನ ಕಾಲು ನೋಡಿಕೊಂಡಳು. ಬೆರಳ ಸಂದಿಯ ಸೀಳುಗಳಲ್ಲಿ ಕೆಸರು ತುಂಬಿತ್ತು. ಏಳು ಬೇಸಿಗೆ. ಎರಡು ಬೇಸಿಗೆಯ ಕೂಲಿಗೆ ಒಂದು ತೊಲೆ. ಹಬ್ಬದ ದಿನವೂ ಅವರು ಹೋಳಿಗೆ ಮಾಡಲಿಲ್ಲ. ಗಂಡ ಒಂದು ದಿನವೂ ಕುಡಿದವನಲ್ಲ. ಹೊಟ್ಟೆ ಕಟ್ಟಿದವರು ಎಂದರೆ ತಾನೇ ಅಲ್ಲವೇ? ಈ ಸಾಹೇಬ ಯಾರನ್ನು ಕುರಿತು ಹೇಳುತ್ತಿದ್ದಾನೆ?

ಕುಲಕರ್ಣಿ ಯಾದಿ ಓದಿದ. ಮನೆಗಳ ಯಾದಿಯಲ್ಲಿ ಗೌಡರ ಅಳಿಯನ ಹೆಸರು, ಅಳಿಯನ ತಮ್ಮನ ಹೆಸರು, ನಿಡಸೋಸಿಯಲ್ಲಿರುವ ಒಬ್ಬ ಸಂಬಂಧಿಕನ ಹೆಸರು. ಕೊಟ್ಟಿಗೆಯ ಮೂರು ಮನೆ. ಆಮೇಲೆ ಗುಡಿಸಲುಗಳ ಯಾದಿ. ಇಪ್ಪತ್ತಮೂರು.

“ತಕರಾರ ಇದ್ದವರು ಹೇಳ್ರಿ,” ಎಂದರು ಮಾಮಲೇದಾರರು, ಕನ್ನಡಕ ಒರೆಸುತ್ತ.

ಕುಲಕರ್ಣಿ ದಪ್ತರ ಕಟ್ಟತೊಡಗಿದ. ದಾರ ಒಂದು ಸುತ್ತು ಸುತ್ತಿತು. ಎರಡನೆಯ ಸುತ್ತು ಸುತ್ತುವಾಗ ಉದ್ದವ್ವ ಒಂದು ಹೆಜ್ಜೆ ಮುಂದೆ ಬಂದಿದ್ದಳು. ತಾನು ಬಂದದ್ದು ಅವಳಿಗೆ ಆಮೇಲೆ ತಿಳಿಯಿತು.

“ಏನಬೇ?” ಎಂದ ಕುಲಕರ್ಣಿ.

“ನಂದು… ಬರದದ್ದು ತಪ್ಪಾಗೇತ್ರಿ.”

“ನೀನ ಬರಸಿದ್ದಲ್ಲ? ಊರ ಮಂದಿ ಮುಂದ ಗುಡಸಲ ಅಂದಿ.”

“ಹೌದ್ರಿ. ಅಂದ್ನಿ.”

“ಮತ್ತೇನ ಈಗ ವಾಡೇ ಆತೇನು, ನಾಕ ದಿನದಾಗ?”

ಕಟ್ಟೆಯ ಮೇಲೆ ನಗೆ ಎದ್ದಿತು. ಮಾಮಲೇದಾರರು ಕೈ ಎತ್ತಿ ನಿಲ್ಲಿಸಿದರು. “ಹೇಳವ್ವಾ. ಏನಿತ್ತು ಅಲ್ಲಿ?”

ಪದ ಬರಲಿಲ್ಲ. ಅದರ ಬದಲು ಅವಳು ಕೆಲಸ ಹೇಳಿದಳು. “ಎರಡಂಕಣರಿ. ತಳಕ್ಕ ಕಲ್ಲು ಹಾಕಿದ್ದಿವ್ರಿ. ಗ್ವಾಡಿ ಮೊಳ ದಪ್ಪ. ಮಣ್ಣು ನಾನ ತುಳದೀನಿ. ಮ್ಯಾಲ ತೊಲಿ, ಹದಿನಾಕ ಜಂತಿ, ಮೇಲುಮುದ್ದಿ. ಒಂದ ಬೆಳಕಿಂಡಿರಿ.”

ಮಾಮಲೇದಾರರು ಕುಲಕರ್ಣಿಯ ಕಡೆ ತಿರುಗಿದರು. ಕುಲಕರ್ಣಿ ತಡಮಾಡಲಿಲ್ಲ. “ತೊಲಿ ಎಲ್ಲಿಂದ ಬಂತು ಕೇಳ್ರಿ ಸಾಹೇಬ್ರ. ಕಾಡಿಂದ ಕದ್ದದ್ದಿದ್ರ ಜಂಗಲ್ ಖಾತೆಗೆ ಬರೀಬೇಕಾಗತೈತಿ. ಚೀಟಿ ಐತೇನು?”

ಉದ್ದವ್ವನ ಕಿವಿ ಗುಂಯ್‌ಗುಟ್ಟಿತು. ಜೈಲು. ಇದನ್ನು ಅವಳು ಎಣಿಸಿರಲಿಲ್ಲ. ಚೀಟಿ ಇರಲಿಲ್ಲ. ಇದ್ದಿದ್ದರೂ ಹೊಳೆಗೆ ಹೋಗುತ್ತಿತ್ತು. ಹಿಂದೆ ನಿಂತ ಕೇರಿಯವರು ಒಂದೊಂದೇ ಹೆಜ್ಜೆ ಸರಿಯುತ್ತಿದ್ದುದು ಕೆಸರಿನ ಪಚಪಚ ಸದ್ದಿನಿಂದ ಗೊತ್ತಾಯಿತು.

“ಮೂಡಲಗಿ ಧರಣೇಂದ್ರಪ್ಪನವರ ಅಂಗಡಿ ತೊಲಿರಿ. ಕೂಲಿಗೆ ಕೊಟ್ಟಾರ್ರಿ. ಮುರದು ಅಲ್ಲೇ ಬಿದ್ದೈತಿ, ನೋಡ್ರಿ. ತಕ್ಕಡಿ ಕೊಂಡಿ ಇನ್ನೂ ಐತಿ.” ಅವಳು ಕೇರಿಯ ಕಡೆ ಕೈ ತೋರಿದಳು. “ಕಾಡಿನ ಗಿಡಕ್ಕ ತಕ್ಕಡಿ ಕೊಂಡಿ ಇರತೈತೇನ್ರಿ?”

ಮೇಲಿನ ಓಣಿಯ ಯಾರೋ ಫಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು. ಮಾಮಲೇದಾರರ ತುಟಿಯೂ ಕೊಂಚ ಅಲುಗಿತು.

ಆಗ ಬಾಬಾಸಾಹೇಬ ಗೌಡರು ಮೊದಲ ಸಲ ಮಾತಾಡಿದರು. ಅವರ ದನಿ ಯಾವಾಗಲೂ ಮೆತ್ತಗೆ. “ಸಾಹೇಬ್ರ, ಬಡವಿ. ಹೊಳಿ ಬಂದು ತಲಿ ಕೆಟ್ಟೈತಿ. ನಾ ಕೇಳ್ತೀನಿ.” ಅವರು ಉದ್ದವ್ವನ ಕಡೆ ಬಾಗಿದರು. “ಅಂಜಬ್ಯಾಡವ್ವ ಉದ್ದವ್ವ. ನಮ್ಮೂರ ಹೆಣ್ಣಮಗಳು ನೀ. ನನ್ನ ಮುಂದ ಹೇಳು. ಏನದು? ಗುಡಸಲೋ, ಮತ್ತೇನೋ?”

ಅವರು ನಗುತ್ತಿದ್ದರು. ಎಲೆ ಹಾಕಿದ ಹಲ್ಲು. ಹೆಗಲ ಮೇಲಿನ ಶಲ್ಯವನ್ನು ಒಂದು ಕೈಯಿಂದ ಮೆಲ್ಲಗೆ ಸರಿಮಾಡಿಕೊಂಡರು. ಹೆಗಲನ್ನು ಮುಟ್ಟಿದ ಆ ಕೈಯನ್ನೇ ಉದ್ದವ್ವ ನೋಡಿದಳು. ಅತ್ತೆ ಹೇಳಿದ್ದ ಮಾವನ ಹೆಗಲು ನೆನಪಾಯಿತು. ತೊಡೆಗಳ ನಡುವೆ ಬಿಸಿಯಾಗಿ ಇಳಿಯತೊಡಗಿತು. ಸೀರೆ ಒದ್ದೆಯಾಯಿತು, ಪಾದ ಒದ್ದೆಯಾಯಿತು. ಕೆಳಗೆ ಹೇಗೂ ಕೆಸರು. ಯಾರಿಗೂ ತಿಳಿಯಲಿಲ್ಲ. ತಿಳಿಯಲಿಲ್ಲವೆಂದು ಅವಳು ಅಂದುಕೊಂಡಳು. ಕಾಲು ತನ್ನಷ್ಟಕ್ಕೆ ಕೆಸರು ತುಳಿಯುತ್ತಿತ್ತು. ಎಡ, ಬಲ, ಎಡ, ಬಲ. ಹದಿನೇಳು ವರ್ಷದ ರೂಢಿ.

“ಗು…” ಎಂದಿತು ಬಾಯಿ.

ಗೌಡರು ಹಿಂದಕ್ಕೆ ಒರಗಿದರು. ಕುಲಕರ್ಣಿ ದಾರ ಕೈಗೆತ್ತಿಕೊಂಡ.

“ಗುಡಸಲ ಅಂದ್ನಿರಿ, ಅನ್ನಬೇಕು ಅಂತ ಅಂದ್ನಿ. ಅದು ಮನಿರಿ.”

ಕುಲಕರ್ಣಿ ದಾರ ಕೆಳಗಿಟ್ಟ.

“ಯಾರ ಮನಿ?” ಎಂದರು ಗೌಡರು. ನಗು ಇನ್ನೂ ಮುಖದ ಮೇಲೆ ಇತ್ತು. ಕಣ್ಣಲ್ಲಿ ಇರಲಿಲ್ಲ.

“ನನ್ನ ಮನಿರಿ. ನಿಮ್ಮ ದನದ ಕೊಟ್ಟಿಗಿ ಮಣ್ಣೂ ನಾನ ತುಳದೀನಿ. ಅದಕ್ಕ ಹೊಟ್ಟು ಕಡಿಮಿ ಹಾಕಿಸಿದ್ರಿ. ನಂದಕ್ಕ ಪೂರಾ ಹಾಕೀನಿ. ಅದು ಕೊಟ್ಟಿಗಿ. ಇದು ಮನಿ.”

ಮಾಮಲೇದಾರರು ಕುಲಕರ್ಣಿಯನ್ನು ನೋಡಿದರು. ಗೌಡರನ್ನು ನೋಡಲಿಲ್ಲ. ಅವರ ರಾತ್ರಿಯ ಊಟ ಗೌಡರ ವಾಡೆಯಲ್ಲೇ ಇತ್ತು. ಅವರು ಕಾಗದದ ಅಂಚಿನಲ್ಲಿ ಏನೋ ಬರೆದರು. “ಗುರುವಾರ ಸರ್ಕಲ್ ಸಾಹೇಬ್ರು ಗೋಕಾಕದಿಂದ ಬರತಾರ. ತಳದ ಕಲ್ಲು ಅಳೀತಾರ. ಎರಡಂಕಣ ಇದ್ರ ಮನಿ. ತಳಾ ಇರದಿದ್ರ ಗುಡಸಲ. ಅಲ್ಲೀತನಕ ಯಾದಿ ಹಿಂಗ ಇರಲಿ.” ಕೊಟ್ಟಿಗೆಯ ಮಾತು ಅವರು ಎತ್ತಲಿಲ್ಲ.

ಉದ್ದವ್ವ ಹಿಂತಿರುಗಿದಾಗ ಕೇರಿಯವರು ದಾರಿ ಬಿಟ್ಟರು. ಯಾರೂ ಅವಳ ಮುಖ ನೋಡಲಿಲ್ಲ. ಪಕ್ಕದ ಮನೆಯ ಗುಡ್ಡವ್ವ ಮಾತ್ರ ಹಲ್ಲು ಕಚ್ಚಿ ಅಂದಳು, “ನಮ್ಮನ್ನೂ ಹಾಳ ಮಾಡಿದಿ. ಇನ್ನ ಹುಲ್ಲೂ ಇಲ್ಲ.”

ಹುಲ್ಲು ಕೊಡಲಿಲ್ಲ. ಅವತ್ತೇ ಕೂಲಿಯೂ ನಿಂತಿತು. ಕಾಡವ್ವನಿಗೆ ಸುದ್ದಿ ಮುಟ್ಟಿತ್ತು. ಅವಳು ಸೊಸೆಯ ಒದ್ದೆ ಸೀರೆ ನೋಡಿದಳು. ತನ್ನ ಒಣ ಸೀರೆ ಕೊಟ್ಟಳು.

ಬುಧವಾರ ಬೆಳಗಾಯಿತು. ನಾಳೆ ಅಳತೆ. ಉದ್ದವ್ವ ಮಣ್ಣಿನ ಗುಡ್ಡೆ ಸರಿಸಿ ತಳದ ಕಲ್ಲುಗಳನ್ನು ಒಂದೊಂದಾಗಿ ತೊಳೆಯುತ್ತಿದ್ದಳು. ದಿಬ್ಬದ ಮೇಲೆ ಕೋಲು ಕುಟ್ಟಿದ ಸದ್ದು ಕೇಳಿತು. ತಳವಾರ. ಅವನ ಹಿಂದೆ ವಾಡೆಯ ನಾಲ್ಕು ಆಳುಗಳು, ಸಲಿಕೆ, ಹಾರೆ.

“ಗುಡಸಲದಾಗ ಯಾರದಾರ?” ಅವನು ಯಾವಾಗಲೂ ಕೂಗುವ ಹಾಗೆಯೇ ಕೂಗಿದ. “ಗೌಡ್ರು ಹೇಳ್ಯಾರ. ವಾಡೇ ಗ್ವಾಡಿಗೆ ಮಣ್ಣು ಬೇಕು. ಕೆಳಗೇರಿ ಬಿದ್ದ ಮಣ್ಣು ಹದಾ ಐತಿ. ಇವತ್ತ ಎಲ್ಲಾ ಬಗದು ಹೊರಬೇಕು. ತಳದ ಕಲ್ಲೂ. ಬುಟ್ಟಿ ತಗೊಂಡು ಹೊರಗ ಬರ್ರಿ.”

ಉದ್ದವ್ವನಿಗೆ ಅರ್ಥವಾಯಿತು. ನಾಳೆ ಅಳೆಯಲು ಏನೂ ಇರುವುದಿಲ್ಲ. ಮಣ್ಣು ಕೇರಿಯವರ ತಲೆಯ ಮೇಲೆಯೇ ಹೋಗುತ್ತದೆ. ಮಾವನ ತೊಲೆ ಹೋದ ಹಾಗೆ.

ಗುಡ್ಡವ್ವ ತನ್ನ ಮಣ್ಣಿನ ಗುಡ್ಡೆಯ ಮುಂದೆ ಬುಟ್ಟಿ ಹಿಡಿದು ನಿಂತಿದ್ದಳು. ಅವಳ ತಳದ ಕಲ್ಲೂ ಎರಡಂಕಣದ್ದೇ. ಅವಳು ಉದ್ದವ್ವ ತೊಳೆದ ಕಲ್ಲುಗಳನ್ನು ನೋಡಿದಳು. ಆಮೇಲೆ ಬುಟ್ಟಿಯನ್ನು ಬೋರಲು ಹಾಕಿ ಅದರ ಮೇಲೆ ಕುಳಿತಳು.

“ಏ, ಕಿವಿ ಕೇಳಸೂದಿಲ್ಲೇನಲೇ? ಗುಡಸಲದಾಗ ಯಾರದಾರ?”

ಕಾಡವ್ವ ಎದ್ದಳು. ಕೋಲಿಲ್ಲದೆ, ಸೊಸೆಯ ತಲೆಯ ಮೇಲೆ ಕೈಯೂರಿ ಎದ್ದಳು. ಕೆಮ್ಮು ಬಂತು. ಅದು ಮುಗಿಯುವವರೆಗೆ ಕಾದಳು. ಅವಳ ಸುತ್ತ ಗೋಡೆಯಿಲ್ಲ, ಮೇಲೆ ಬರೀ ಮೋಡ.

“ಗುಡಸಲದಾಗ ಯಾರೂ ಇಲ್ಲೋ ತಮ್ಮಾ,” ಎಂದಳು ಮುದುಕಿ. “ನಾವು ಮನ್ಯಾಗ ಅದೀವಿ.”

ಕೋಲಿನ ಸದ್ದು ದಿಬ್ಬದ ಇಳಿಜಾರಿನಲ್ಲಿ ಕೆಳಗೆ ಬರತೊಡಗಿತು. ತಳವಾರ ಇದುವರೆಗೆ ಕೇರಿಗೆ ಇಳಿದವನಲ್ಲ. ಅವನ ಹಿಂದೆ ಹಾರೆಗಳು ಒಂದಕ್ಕೊಂದು ತಾಗುವ ಸದ್ದು.

ಉದ್ದವ್ವ ತೊಳೆದ ಕಲ್ಲುಗಳ ಸಾಲು ದಾಟಿ, ಬಾಗಿಲು ಇದ್ದ ಜಾಗಕ್ಕೆ ಹೋಗಿ ನಿಂತಳು.